ಚೆನ್ನಿಯ ಮುಂಗಾಲಿನ ಗಾಯ: 36 ದಿನಗಳ ದಾಖಲೆ

1ನೇ ದಿನ: ಕುಣಿಗಲ್ ಸಮೀಪದ ನಮ್ಮ ತೋಟದಲ್ಲಿ ಮೇಯಲು ಬಿಟ್ಟಿದ್ದ ಹೆಣ್ಣು ಕುದುರೆ ಚೆನ್ನಿ, ಮುಳ್ಳುತಂತಿಯ ಬೇಲಿಗೆ ಎಡ ಮುಂಗಾಲನ್ನು ಗೀರಿಸಿಕೊಂಡಿತು. ಮಂಡಿಯಿಂದ ನಾಲ್ಕು ಬೆರಳು ಕೆಳಗೆ, ಹೊರಮಗ್ಗುಲಲ್ಲಿ, 4 ಸೆಂ.ಮೀ. ಉದ್ದ, ಒಂದೂವರೆ ಸೆಂ.ಮೀ. ಅಗಲದ ಗಾಯ, ಕುಂಟು ಇರಲಿಲ್ಲ. ಎತ್ತುಗಳಿಗೆ ಹಚ್ಚಿ ರೂಢಿಯಾಗಿದ್ದ ಅರಿಶಿನ, ಹರಳೆಣ್ಣೆಯನ್ನೇ ಕಲಸಿ ಮೆತ್ತಿಬಿಟ್ಟೆ. ಸಂಜೆ ಬಂದ ಪಶುವೈದ್ಯರಿಗೆ ಅದನ್ನೆಲ್ಲ ತೊಳೆದು ತೆಗೆಯುವುದೇ ಅರ್ಧ ಗಂಟೆಯ ಕೆಲಸವಾಯಿತು. ಗಾಯದ ಆಳವನ್ನೂ ಅದು ಕೀಲಿಗೆ ಎಷ್ಟು ಹತ್ತಿರವಿದೆ ಎಂಬುದನ್ನೂ ನೋಡುವ ಮೊದಲೇ ಬಣ್ಣ ಬಳಿದರೆ ಹೇಗೆ ಎಂದು ಅವರು ಕೇಳಿದ್ದು ನ್ಯಾಯವೇ. ಮಣ್ಣು, ಲದ್ದಿಯಲ್ಲಿರುವ ಧನುರ್ವಾಯುವಿನ ರೋಗಾಣುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲವಾದ್ದರಿಂದ ಮೊದಲು ಅದರ ಚುಚ್ಚುಮದ್ದು ಹಾಕಿದರು.

2ನೇ ದಿನ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಬೆರೆಸಿ, ಸೂಜಿ ತೆಗೆದ 20 ಮಿ.ಲೀ. ಸಿರಿಂಜಿನಿಂದ ಚಿಮ್ಮಿಸಿ ತೊಳೆದೆ. ಸುತ್ತಲಿನ ಕೂದಲನ್ನು ಕತ್ತರಿಸುವಾಗ ಗಾಯದ ಮೇಲೆ ಒದ್ದೆ ಗಾಜ್ ಬಟ್ಟೆ ಮುಚ್ಚಿಕೊಂಡಿದ್ದರಿಂದ ತುಂಡುಗಳು ಒಳಗೆ ಬೀಳಲಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ನೊರೆ ಬರುವುದನ್ನು ನೋಡಲು ಸಮಾಧಾನವೆನಿಸುತ್ತದೆ, ಆದರೆ ಅದು ಹೊಸದಾಗಿ ಬೆಳೆಯುವ ಜೀವಕೋಶಗಳನ್ನೂ ಸುಡುತ್ತದೆಯಂತೆ. ಆ ಬಾಟಲಿಯನ್ನು ಲಾಯದಿಂದಲೇ ಹೊರಗಿಟ್ಟೆ. ಮೈಬಿಸಿ 38.1 ಡಿಗ್ರಿ ಸೆಲ್ಸಿಯಸ್, ಕುದುರೆಗೆ ಸಹಜವಾದ ಮಟ್ಟ.

5ನೇ ದಿನ: ಪಟ್ಟಿ ಜಾರಿ ಗಿಣ್ಣಿನ ಮೇಲೆ ಮುದುಡಿ ಕುಳಿತಿತ್ತು. ಹತ್ತಿಯ ಪದರ ತೆಳುವಾದದ್ದೇ ತಪ್ಪು. ಅಲ್ಲಿ ಮಾಂಸಖಂಡವಿಲ್ಲ, ಚರ್ಮದ ಕೆಳಗೆ ನೇರವಾಗಿ ಮೂಳೆ ಮತ್ತು ಸ್ನಾಯುರಜ್ಜು. ಒಂದೇ ಕಡೆ ಬಿಗಿದರೆ ರಜ್ಜುವಿಗೇ ಪೆಟ್ಟು. ಈ ಬಾರಿ ಹತ್ತಿಯನ್ನು ದಪ್ಪವಾಗಿ ಸುತ್ತಿ, ಮಂಡಿಯ ಕೆಳಗಿನಿಂದ ಗಿಣ್ಣಿನವರೆಗೂ ಒಂದೇ ಸಮನಾಗಿ ಪಟ್ಟಿ ಕಟ್ಟಿದೆ.

14ನೇ ದಿನ: ಗಾಯದ ನಡುವೆ ಕೆಂಪಗೆ, ಕಾಳುಕಾಳಾಗಿ, ಅಂಚಿನ ಚರ್ಮಕ್ಕಿಂತ ಮೇಲೆದ್ದ ಮಾಂಸ ಕಂಡಿತು. ಚೆನ್ನಾಗಿ ತುಂಬಿಕೊಳ್ಳುತ್ತಿದೆ ಎಂದು ಹಿಗ್ಗಿದ್ದೆ, ಅದು ದುರ್ಮಾಂಸ. ಕುದುರೆಯ ಮಂಡಿಯ ಕೆಳಗಿನ ಗಾಯಗಳಲ್ಲಿ ಇದು ಮಾಮೂಲು, ಮತ್ತು ಅದು ಎತ್ತರವಾದಷ್ಟೂ ಅಂಚಿನ ಚರ್ಮ ಅದನ್ನು ಹತ್ತಿ ದಾಟಿ ಮುಚ್ಚಿಕೊಳ್ಳಲಾರದು. ವೈದ್ಯರು ಬ್ಲೇಡಿನಿಂದ ಚರ್ಮದ ಮಟ್ಟಕ್ಕೆ ಸವರಿದಾಗ ರಕ್ತ ಧಾರಾಳವಾಗಿ ಸುರಿಯಿತು, ಚೆನ್ನಿ ಮಾತ್ರ ಹುರಳಿ ಮೆಲ್ಲುತ್ತಲೇ ನಿಂತಿತ್ತು. ಆ ಮಾಂಸದಲ್ಲಿ ನರಗಳಿರುವುದಿಲ್ಲ. ಓಡಾಟ ಹೆಚ್ಚಾದರೆ ಮತ್ತೆ ಬೆಳೆಯುತ್ತದೆ ಎಂದಿದ್ದರಿಂದ ತೋಟಕ್ಕೆ ಬಿಡುವುದನ್ನು ನಿಲ್ಲಿಸಿದೆ.

23ನೇ ದಿನ: ಮಗಳ ನೋಟ್‌ಬುಕ್ಕಿನ ಪಾರದರ್ಶಕ ಹೊದಿಕೆಯ ತುಂಡೊಂದನ್ನು ಗಾಯಕ್ಕೆ ತಾಗದಂತೆ ಹಿಡಿದು ಪೆನ್ನಿನಲ್ಲಿ ಅಂಚು ಗುರುತಿಸುವ ಪದ್ಧತಿಯನ್ನು ಹದಿನಾಲ್ಕನೇ ದಿನದಿಂದ ಇಟ್ಟುಕೊಂಡಿದ್ದೇನೆ. ಕಣ್ಣಿಗೆ ಬದಲಾವಣೆಯೇ ಇಲ್ಲವೆನಿಸಿದ ವಾರದಲ್ಲೂ ಗೆರೆ ಎರಡು ಮಿಲಿಮೀಟರ್ ಒಳಗೆ ಸರಿದಿತ್ತು. ಅಂಚಿನಲ್ಲಿ ತೆಳು ಗುಲಾಬಿ ಬಣ್ಣದ ಚರ್ಮ.

36ನೇ ದಿನ: ಹುಣಸೆ ಬೀಜದಷ್ಟು ಜಾಗ ಮಾತ್ರ ಉಳಿದಿದೆ, ಒಣಗಿ ಹಕ್ಕಳೆ ಕಟ್ಟಿದೆ. ಪಟ್ಟಿ ಬಿಚ್ಚಿದ್ದೇನೆ, ನೊಣಗಳಿಗಾಗಿ ಸುತ್ತಲೂ, ಗಾಯದ ಮೇಲಲ್ಲ, ಬೇವಿನೆಣ್ಣೆ ಸವರುತ್ತೇನೆ. ಮೇಯುವ ಬದಿಯ ಮುಳ್ಳುತಂತಿಯನ್ನು ನಿನ್ನೆ ಕಿತ್ತು ಸುತ್ತಿಟ್ಟಾಯಿತು, ಅಲ್ಲಿಗೆ ಬಿದಿರಿನ ಗಳ ಕಟ್ಟುವುದು ಬಾಕಿ.