ಆರ್‌ವಿ ಸೂರಿನ ಮೇಲೆ ನಾನು, ಏಣಿ ಹಿಡಿದುಕೊಂಡು ಇವರು

ಒರೆಗಾನ್‌ನಲ್ಲಿ ಅಕ್ಟೋಬರ್ ಅರ್ಧ ಕಳೆಯಿತೆಂದರೆ ಮಳೆ ಹಿಡಿದುಕೊಳ್ಳುತ್ತದೆ. ನಮ್ಮ ತೀರ್ಥಹಳ್ಳಿ ಕಡೆಯ ಹಾಗೆ ಧೋ ಎಂದು ಸುರಿಯುವ ಮಳೆಯಲ್ಲ. ಜಿಟಿಜಿಟಿ, ಜಿಟಿಜಿಟಿ, ಬೇಸಿಗೆ ಹತ್ತಿರ ಬರುವ ತನಕ. ಊರಲ್ಲಿ ಮಳೆಗಾಲಕ್ಕೆ ಮುಂಚೆ ಅಪ್ಪ ಆಳು ಕರೆಸಿ ಹೆಂಚು ಕೈಯಾಡಿಸುತ್ತಿದ್ದರು. ಒಡೆದ ಹೆಂಚು ತೆಗೆದು ಬೇರೆಯದು ಸಿಗಿಸುವುದು, ಸಂದಿಯಲ್ಲಿ ಕೂತ ತರಗೆಲೆ ಗುಡಿಸುವುದು. ಇಲ್ಲಿ ಪೋರ್ಟ್‌ಲ್ಯಾಂಡ್ ಪಕ್ಕದ ಬೀವರ್‌ಟನ್‌ನಲ್ಲಿ ಈಗ ಅದೇ ಕೆಲಸ ನನ್ನ ಪಾಲಿಗೆ ಬಂದಿದೆ. ಮನೆ ಮಾತ್ರ ಬೇರೆ. ಇದಕ್ಕೆ ಆರು ಗಾಲಿ.

ಮಗಳು ಕಾಲೇಜಿಗೆ ಹೋದ ವರ್ಷ ನಾವಿಬ್ಬರೂ ಒಂದು ಹಳೇ ಮೋಟರ್‌ಹೋಮ್ ಕೊಂಡೆವು. ಇಲ್ಲಿಯವರು ಆರ್‌ವಿ ಅನ್ನುತ್ತಾರೆ. 24 ಅಡಿ ಉದ್ದ, ಮೂತಿ ಫೋರ್ಡ್ ವ್ಯಾನಿನದು, ಡ್ರೈವರ್ ತಲೆಯ ಮೇಲೆ ಚಾಚಿಕೊಂಡ ಒಂದು ಮಂಚ. ಈ ಜಾತಿಯ ಗಾಡಿಗೆ ಕ್ಲಾಸ್ ಸಿ ಎಂದು ಹೆಸರು. ಒಳಗೆ ಒಲೆ, ಫ್ರಿಜ್, ಬಚ್ಚಲು ಎಲ್ಲ ಇದೆ. ಒಗ್ಗರಣೆ ಹಾಕಿದರೆ ಮಾತ್ರ ವಾಸನೆ ಮೂರು ದಿನ ಹೋಗುವುದಿಲ್ಲ, ಅದು ಬೇರೆ ಕತೆ.

ಸೂರು ನೆಲದಿಂದ ಹತ್ತೂವರೆ ಅಡಿ ಮೇಲಿದೆ. ನೋಡಲು ಗಟ್ಟಿ, ನಿಜಕ್ಕೂ ಅಷ್ಟೇನಿಲ್ಲ. ತೆಳ್ಳಗಿನ ಪ್ಲೈವುಡ್, ಅದರ ಮೇಲೆ ಬಿಳಿ ರಬ್ಬರ್ ಹಾಳೆ. ಆ ಹಾಳೆಯನ್ನು ಕೊರೆದು ಎಸಿ ಕೂರಿಸಿದ್ದಾರೆ, ಗಾಳಿ ಕಿಂಡಿ ಇಟ್ಟಿದ್ದಾರೆ, ಬಚ್ಚಲಿನ ಮೇಲೆ ಬೆಳಕಿನ ಗೂಡು, ಒಂದು ಕೊಳವೆ, ಒಂದು ಆಂಟೆನಾ. ಪ್ರತಿ ತೂತಿನ ಸುತ್ತ ನೀರು ಇಳಿಯದಂತೆ ಸೀಲಂಟ್ ಎಂಬ ಅಂಟು ಬಳಿದಿರುತ್ತಾರೆ. ಬಿಸಿಲಿಗೆ ಅದು ಒಣಗಿ ಬಿರಿಯುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು, ಚಳಿಗಾಲವಿಡೀ ನೀರು ಕುಡಿದು ಒಳಗಿನ ಮರ ಕೊಳೆಯುತ್ತದೆ. ಸಾಲದ್ದಕ್ಕೆ ಡಗ್ಲಸ್ ಫರ್ ಮರದ ಸೂಜಿ ಎಲೆಗಳು. ಕಿಂಡಿಯ ಬುಡದಲ್ಲಿ ಗುಡ್ಡೆ ಬಿದ್ದು, ನೀರು ಹಿಡಿದುಕೊಂಡು, ಪಾಚಿ ಬೆಳೆಸುತ್ತವೆ. ಹಾಗಾಗಿ ವರ್ಷಕ್ಕೆ ಎರಡು ಸಲವಾದರೂ ಮೇಲೆ ಹತ್ತಿ ನೋಡಲೇಬೇಕು.

ಹತ್ತುವವಳು ನಾನೇ. ಇವರಿಗೆ ಎತ್ತರ ಆಗುವುದಿಲ್ಲ. ಬಲ್ಬ್ ಬದಲಿಸಲು ಸ್ಟೂಲ್ ಹತ್ತಿದರೂ ಗೋಡೆ ಹಿಡಿದುಕೊಳ್ಳುವ ಮನುಷ್ಯ.

ಗಾಡಿಯ ಬೆನ್ನಿಗೆ ಒಂದು ಏಣಿ ಇತ್ತು, ಕಂಪನಿಯೇ ಜೋಡಿಸಿದ್ದು. ಮೊದಲ ವರ್ಷ ಅದರಲ್ಲೇ ಹತ್ತಿದೆ. ಎರಡನೇ ವರ್ಷ ನಾಲ್ಕನೇ ಮೆಟ್ಟಿಲಿಗೆ ಕಾಲಿಟ್ಟಾಗ ಕಿರ್ರ್ ಎಂದಿತು. ಮೇಲೆ ನೋಡಿದರೆ ಬಲಗಡೆಯ ಕ್ಲಾಂಪ್ ಗೋಡೆ ಬಿಟ್ಟು ಒಂದು ಬೆರಳು ಆಚೆ ಬಂದಿದೆ. ಮೆಲ್ಲಗೆ ಇಳಿದೆ. ಸ್ಕ್ರೂ ಕೈಯಲ್ಲೇ ಕಿತ್ತು ಬಂತು. ಅದರ ಜೊತೆ ಬಂದ ಮರದ ಪುಡಿ ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದ ಹಾಗಿತ್ತು, ಕಪ್ಪಗೆ, ಒದ್ದೆ. ನೀರು ಒಳಗೆ ಇಳಿದಿದ್ದು ಗೊತ್ತಾಗಿದ್ದೇ ಆ ಏಣಿಯಿಂದ. ಬೆನ್ನಿಗೆ ಏಣಿ ಇರುವ ಗಾಡಿ ನಿಮ್ಮದಾಗಿದ್ದರೆ, ಹತ್ತುವ ಮುಂಚೆ ಪ್ರತಿ ಸ್ಕ್ರೂ ಬುಡವನ್ನೂ ಒಮ್ಮೆ ಅಲ್ಲಾಡಿಸಿ ನೋಡಿ.

ಹೀಗೆ ಬಿಡಿ ಏಣಿ ಹುಡುಕಲು ಅಂಗಡಿಗೆ ಹೋದೆವು. ಇಲ್ಲಿನ ಏಣಿಗಳಿಗೆಲ್ಲ ತೂಕದ ದರ್ಜೆ ಬರೆದ ಚೀಟಿ ಅಂಟಿಸಿರುತ್ತಾರೆ. ಟೈಪ್ 3 ಎಂದರೆ 200 ಪೌಂಡ್, ಅಂದರೆ ಸುಮಾರು 91 ಕೆಜಿ. ಟೈಪ್ 2ಕ್ಕೆ 225, ಟೈಪ್ 1ಕ್ಕೆ 250, 1ಎಗೆ 300, 1ಎಎಗೆ 375 ಪೌಂಡ್. ಅಂಕಿ ಕಡಿಮೆಯಾದಷ್ಟೂ ಏಣಿ ಗಟ್ಟಿ, ಉಲ್ಟಾ ಲೆಕ್ಕ. ಇದು ಬರೀ ಮೈತೂಕವಲ್ಲ. ಬೂಟು, ಜಾಕೆಟ್, ಕೈಲಿರುವ ಸಾಮಾನು ಎಲ್ಲ ಸೇರಿ. ನಾನು 68 ಕೆಜಿ, ನನಗೆ ಟೈಪ್ 3 ಕೂಡ ಸಾಕು. ಇವರು 92. ಎಂದೂ ಹತ್ತದ ಮನುಷ್ಯನ ತೂಕ ಲೆಕ್ಕ ಹಾಕಿ 300 ಪೌಂಡಿನದೇ ತಂದೆವು. ಜರ್ಮನಿಯಲ್ಲಿರುವ ನನ್ನ ತಂಗಿಗೆ ಈ ತಲೆನೋವಿಲ್ಲ. ಅಲ್ಲಿ ಇಎನ್ 131 ಎಂಬ ಯುರೋಪಿನ ಮಾನದಂಡ, ಯಾವ ಏಣಿಯಾದರೂ 150 ಕೆಜಿ ತಡೆಯಬೇಕು, ಮುಗಿಯಿತು.

ಎ ಆಕಾರದ ಏಣಿ ನನಗೆ ಇಷ್ಟ, ನೆಲದ ಮೇಲೆ ತಾನೇ ನಿಲ್ಲುತ್ತದೆ. ಆದರೆ ಅದರ ತಲೆಯ ಮೇಲೆ ನಿಲ್ಲಬಾರದು, ಅದರಿಂದ ಸೂರಿಗೆ ದಾಟಲಂತೂ ಬಾರದು. ಪಕ್ಕದಲ್ಲಿ ನಿಂತು ಅಂಚು ಒರೆಸುವುದಕ್ಕೆ ಸರಿ, ಅಷ್ಟೇ. ಕೀಲಿರುವ, ನಾಲ್ಕು ಮಡಿಕೆಯ ಏಣಿ ಗಟ್ಟಿಮುಟ್ಟು. ಮಡಚಿದರೂ ಇಡಲು ಗಾಡಿಯಲ್ಲಿ ಜಾಗ ಬೇಕಲ್ವಾ? ಕೊನೆಗೆ ಕಣ್ಣು ಬಿದ್ದಿದ್ದು ಟೆಲಿಸ್ಕೋಪಿಕ್ ಏಣಿಯ ಮೇಲೆ. ರೇಡಿಯೋ ಆಂಟೆನಾದ ಹಾಗೆ ಒಂದರೊಳಗೊಂದು ಕೊಳವೆ. ಎಳೆದರೆ ಹನ್ನೆರಡೂವರೆ ಅಡಿ, ತಳ್ಳಿದರೆ ಮೂರು ಅಡಿ. ತೂಕ ಹನ್ನೆರಡು ಕೆಜಿ ಆಸುಪಾಸು. ಸೀಟಿನ ಕೆಳಗೆ ಹಿಡಿಸುತ್ತದೆ. ಸೂರು ಹತ್ತೂವರೆ ಅಡಿ, ಏಣಿ ಹನ್ನೆರಡೂವರೆ. ಎರಡು ಅಡಿ ಜಾಸ್ತಿಯೇ ಇದೆ ಎಂದು ಖುಷಿಯಾಗಿ ತಂದೆವು.

ಇಲ್ಲೇ ಎಡವಿದ್ದು.

ಏಣಿಯನ್ನು ನೆಟ್ಟಗೆ ನಿಲ್ಲಿಸುವುದಿಲ್ಲ, ಓರೆಯಾಗಿ ಒರಗಿಸುತ್ತೇವೆ. ನಾಲ್ಕು ಅಡಿ ಎತ್ತರಕ್ಕೆ ಬುಡ ಒಂದು ಅಡಿ ಆಚೆ, ಇದು ಲೆಕ್ಕ. ಹತ್ತೂವರೆ ಅಡಿಗೆ ಬುಡ ಎರಡೂವರೆ ಅಡಿಗಿಂತ ಚೂರು ಜಾಸ್ತಿ ಆಚೆ ಇರಬೇಕು. ಹಾಗೆ ಒರಗಿಸಿದರೆ ಅಂಚು ಮುಟ್ಟುವಷ್ಟರಲ್ಲೇ ಹನ್ನೊಂದು ಅಡಿ ಏಣಿ ಮುಗಿದಿರುತ್ತದೆ. ಮೇಲೆ ಉಳಿಯುವುದು ಒಂದೂವರೆ ಅಡಿ, ನನ್ನ ಮೊಣಕಾಲಿನ ಎತ್ತರ. ನಾನು ಸರಸರ ಹತ್ತಿದೆ. ಅಂಚಿಗೆ ಬಂದು ನಿಂತೆ. ಒಂದು ಕಾಲು ಸೂರಿನ ಮೇಲೆ ಇಡಬೇಕು, ಕೈ ಎಲ್ಲಿಡಲಿ? ಹಿಡಿಯಲು ಏನೂ ಇಲ್ಲ. ಮುಂದೆ ನುಣ್ಣನೆ ಬಿಳಿ ರಬ್ಬರ್. ಹೇಗೋ ಹೊಟ್ಟೆಯ ಮೇಲೆ ತೆವಳಿ ಮೇಲೆ ಹೋದೆ. ಇಳಿಯುವಾಗ ಬಂತು ನೋಡಿ ಫಜೀತಿ. ಹಿಂದಕ್ಕೆ ಕಾಲು ಚಾಚಿ ಕಾಣದ ಮೆಟ್ಟಿಲು ತಡಕಬೇಕು, ಕೈಗೆ ಆಧಾರವಿಲ್ಲ, ಕಾಲು ತಗುಲಿ ಏಣಿ ಪಕ್ಕಕ್ಕೆ ಜರುಗಿತು.

"ರೀ, ಹಿಡ್ಕೊಳ್ರೀ!"

"ಹಿಡ್ಕೊಂಡೇ ಇದೀನಿ, ನೀನು ಅಲ್ಲಾಡಬೇಡ!"

ಅಲ್ಲಾಡದೆ ಇಳಿಯುವುದು ಹೇಗೆ ಎಂದು ಅವರು ಇನ್ನೂ ಹೇಳಿಲ್ಲ.

ಹತ್ತು ನಿಮಿಷ ಅಂಚಿನಲ್ಲಿ ಕಪ್ಪೆಯ ಹಾಗೆ ಕೂತಿದ್ದಾಗ ತಲೆಗೆ ಹೊಳೆದದ್ದು ಇದು. ಏಣಿ ಕೊಳ್ಳುವಾಗ ನಾವೆಲ್ಲ ಹತ್ತುವುದನ್ನೇ ಯೋಚಿಸುತ್ತೇವೆ. ಹತ್ತುವುದು ಯಾವ ಏಣಿಯಲ್ಲೂ ಆಗುತ್ತದೆ. ಏಣಿ ಬಿಟ್ಟು ಸೂರಿಗೆ, ಸೂರು ಬಿಟ್ಟು ಏಣಿಗೆ ಬರುವ ಆ ಒಂದು ಹೆಜ್ಜೆಗಾಗಿ ಏಣಿ ಕೊಳ್ಳಬೇಕು. ಅಂಚಿನಿಂದ ಮೂರು ಅಡಿ ಮೇಲೆ ಏಣಿಯ ಕಾಲುಗಳು ಚಾಚಿಕೊಂಡಿರಬೇಕು ಎಂದು ಇಲ್ಲಿನ ನಿಯಮ ಹೇಳುವುದು ಇದಕ್ಕೇ. ಮೂರು ಅಡಿ ಎಂದರೆ ಸೊಂಟದ ಎತ್ತರ. ಎರಡೂ ಕೈಲಿ ಅದನ್ನು ಹಿಡಿದು ಪಕ್ಕದಿಂದ ಸೂರಿಗೆ ಕಾಲಿಡಬಹುದು. ತಲೆಯ ಮೇಲಿಂದ ದಾಟಬಾರದು, ಪಕ್ಕದಿಂದಲೇ. ನಮ್ಮ ಗಾಡಿಗೆ ಹದಿನಾಲ್ಕು ಅಡಿ ಬೇಕೇಬೇಕಿತ್ತು. ಮೊದಲನೆಯದನ್ನು ವಾಪಸ್ ಕೊಟ್ಟು ಹದಿನೈದೂವರೆ ಅಡಿಯದು ತಂದೆವು. ತೂಕ ಹದಿನೈದು ಕೆಜಿ ದಾಟುತ್ತದೆ, ಸೀಟಿನ ಕೆಳಗೆ ಹಿಡಿಸುವುದಿಲ್ಲ, ಹಾಸಿಗೆ ಪಕ್ಕ ಮಲಗಿಸುತ್ತೇವೆ. ರಾತ್ರಿ ಎದ್ದರೆ ಕಾಲಿಗೆ ತಗುಲುತ್ತದೆ. ತಗುಲಲಿ.

ಈ ಟೆಲಿಸ್ಕೋಪಿಕ್ ಏಣಿಗೆ ಅದರದೇ ಆದ ಚಾಳಿಗಳಿವೆ. ಪ್ರತಿ ಮೆಟ್ಟಿಲಿನ ಎರಡೂ ತುದಿಯಲ್ಲಿ ಒಳಗೊಂದು ಪಿನ್ ಇರುತ್ತದೆ. ಎಳೆದಾಗ ಎರಡೂ ಕಡೆ ಕ್ಲಿಕ್ ಎನ್ನಬೇಕು. ಒಂದೇ ಕಡೆ ಕೂತಿದ್ದರೂ ನೋಡಲು ಸರಿಯಾಗಿಯೇ ಕಾಣುತ್ತದೆ. ಕಾಲಿಟ್ಟಾಗ ಒಂದು ಅಡಿ ಧಡ್ ಎಂದು ಕುಸಿಯುತ್ತದೆ. ನನಗೆ ಆಗಿದ್ದು ಕೆಳಗಿನಿಂದ ಎರಡನೇ ಮೆಟ್ಟಿಲಿನಲ್ಲಿ, ಪುಣ್ಯ. ಈಗ ಪ್ರತಿ ಮೆಟ್ಟಿಲನ್ನೂ ಕೈಯಿಂದ ಒತ್ತಿ ನೋಡಿಯೇ ಹತ್ತುವುದು. ಸಮುದ್ರದ ದಡದಲ್ಲಿ ಬಳಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಮುಚ್ಚುತ್ತೇನೆ. ಮರಳು ಒಳಗೆ ಹೋದರೆ ಪಿನ್ ಸರಿಯಾಗಿ ಕೂರುವುದಿಲ್ಲ. ಮುಚ್ಚುವಾಗ ಬೆರಳು ಜೋಪಾನ. ಎರಡು ಮೆಟ್ಟಿಲ ನಡುವೆ ಹೆಬ್ಬೆರಳು ಸಿಕ್ಕಿ ಉಗುರು ಕಪ್ಪಾಗಿದ್ದು ಮೂರು ತಿಂಗಳು ಹೋಗಲಿಲ್ಲ. ಏಣಿಯ ಕಾಲನ್ನು ಹೊರಗಡೆಯಿಂದ ಹಿಡಿದು, ಪಿನ್ ಬಿಡಿಸುವ ಗುಂಡಿಯನ್ನು ಮಾತ್ರ ಹೆಬ್ಬೆರಳಲ್ಲಿ ಒತ್ತಬೇಕು. ಉಳಿದ ಬೆರಳು ಮೆಟ್ಟಿಲ ಮೇಲೆ ಇರಲೇಬಾರದು.

ಒರಗಿಸುವ ಜಾಗವೂ ಮುಖ್ಯ. ಬಿಸಿಲು ಮರೆಗೆ ಬಿಚ್ಚುವ ಬಟ್ಟೆಯ ಸುರುಳಿ ಒಂದು ಪಕ್ಕದಲ್ಲಿ ಇರುತ್ತದಲ್ಲ, ಅದರ ಮೇಲೆ ಖಂಡಿತ ಬೇಡ, ಉರುಳುತ್ತದೆ. ನಾನು ಗಾಡಿಯ ಹಿಂದೆ, ಮೂಲೆಗೆ ಹತ್ತಿರ ಒರಗಿಸುತ್ತೇನೆ. ಅಲ್ಲಿ ಸೂರಿನ ಅಂಚಿಗೆ ಸಾಮಾನು ಕಟ್ಟುವ ಕಂಬಿ ಇದೆ. ಮೇಲೆ ಹೋದ ತಕ್ಷಣ ಮೊದಲ ಕೆಲಸ, ಏಣಿಯನ್ನು ಹಗ್ಗದಿಂದ ಆ ಕಂಬಿಗೆ ಬಿಗಿಯುವುದು. ಅಲ್ಲಿಯ ತನಕ ಇವರು ಕೆಳಗೆ ಹಿಡಿದುಕೊಂಡಿರಬೇಕು. ಗೋಡೆ ಗೀರಬಾರದೆಂದು ಕೆಲವರು ಈಜುಕೊಳದ ದಪ್ಪ ಸ್ಪಂಜಿನ ಕೊಳವೆ ಸುತ್ತುತ್ತಾರೆ. ನನಗೆ ಅದು ಸರಿಬರಲಿಲ್ಲ, ಮೆತ್ತಗಾಗಿ ಏಣಿ ತೂಗಾಡುತ್ತದೆ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿಯಾಗಿ ಸುತ್ತಿದ್ದೇನೆ, ಜಾರುವುದೂ ಇಲ್ಲ, ಗೀರುವುದೂ ಇಲ್ಲ.

ಮನೆಗೂ ಗಾಡಿಗೂ ಒಂದು ವ್ಯತ್ಯಾಸ ಇದೆ. ಗಾಡಿ ಸ್ಪ್ರಿಂಗಿನ ಮೇಲೆ ಕೂತಿದೆ. ಒಳಗೆ ಯಾರಾದರೂ ಅಡುಗೆಮನೆಯಿಂದ ಮಂಚಕ್ಕೆ ನಡೆದರೆ ಸೂರು ತೂಗುತ್ತದೆ, ಏಣಿಯ ತುದಿಯೂ ತೂಗುತ್ತದೆ. ಗಾಲಿಗೆ ಅಡ್ಡೆ ಕೊಟ್ಟು, ಜಾಕ್ ಇಳಿಸಿ ಆಮೇಲೆ ಏಣಿ. ನಾನು ಮೇಲಿದ್ದಾಗ ಒಳಗೆ ಯಾರೂ ಓಡಾಡುವಂತಿಲ್ಲ, ಕಾಫಿಗೂ.

ಮೇಲೆ ಹೋದ ಮೇಲೆ ನಾನು ನಿಲ್ಲುವುದೇ ಇಲ್ಲ. ಮಂಡಿಯೂರಿ, ಅಗಲವಾದ ಪ್ಲೈವುಡ್ ತುಂಡಿನ ಮೇಲೆ ಭಾರ ಹಾಕಿ ಮುಂದೆ ಸರಿಯುತ್ತೇನೆ. ಕೆಲವು ಗಾಡಿಗಳ ಸೂರಂತೂ ಮನುಷ್ಯರು ಹತ್ತಲೆಂದು ಮಾಡಿದ್ದೇ ಅಲ್ಲ, ಗಾಡಿಯ ಜೊತೆ ಬಂದ ಪುಸ್ತಕ ನೋಡಿಯೇ ಹತ್ತಬೇಕು. ಬೆಳಕಿನ ಗೂಡಿನ ಪ್ಲಾಸ್ಟಿಕ್ ಬಿಸಿಲಿಗೆ ಹಪ್ಪಳದ ಹಾಗಾಗಿರುತ್ತದೆ, ಅದರ ಮೇಲೆ ಕೈ ಊರಿದರೂ ಹೋಯಿತು. ಸಾಮಾನು ಕೈಯಲ್ಲಿ ಹಿಡಿದು ಹತ್ತುವುದಿಲ್ಲ. ಬಕೆಟ್ಟಿಗೆ ಹಗ್ಗ ಕಟ್ಟಿ, ಬಾವಿಯಿಂದ ಕೊಡ ಸೇದಿದ ಹಾಗೆ ಸೇದಿಕೊಳ್ಳುತ್ತೇನೆ. ಬೆಳಗಿನ ಇಬ್ಬನಿ ಆರುವ ತನಕ ಹತ್ತುವುದೇ ಬೇಡ. ಒದ್ದೆ ರಬ್ಬರ್ ಹಾಳೆ ಮಲೆನಾಡಿನ ಪಾಚಿ ಕಟ್ಟಿದ ಅಂಗಳಕ್ಕಿಂತ ಕಡೆ.

ಕಳೆದ ಬೇಸಿಗೆಯಲ್ಲಿ ಆಸ್ಟೋರಿಯಾ ಹತ್ತಿರದ ಫೋರ್ಟ್ ಸ್ಟೀವನ್ಸ್ ಪಾರ್ಕಿನಲ್ಲಿ ಗಾಡಿ ನಿಲ್ಲಿಸಿದ್ದಾಗ ಊರಿನಿಂದ ಅಣ್ಣ ವಿಡಿಯೋ ಕಾಲ್ ಮಾಡಿದ. ಇವರು ಫೋನ್ ತಿರುಗಿಸಿ ಏಣಿ ತೋರಿಸಿದರು. ಅವನು ನನ್ನನ್ನು ನೋಡಲೇ ಇಲ್ಲ.

"ಮೇಲ್ಗಡೆ ಲೈನ್ ಇದೆಯಾ ನೋಡಿದ್ಯಾ ಮಾರಾಯ್ತಿ?"

ಅವನಿಗೆ ಕಾಳುಮೆಣಸಿನ ತೋಟ ಇದೆ. ಚಿಕ್ಕಮಗಳೂರು, ಕೊಡಗಿನ ಕಡೆ ಮೆಣಸು ಕೊಯ್ಯುವವರ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ಜೀವ ಹೋದ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ನಾನು ಇಷ್ಟೆಲ್ಲ ಲೆಕ್ಕ ಹಾಕಿದವಳು ತಲೆ ಎತ್ತಿ ನೋಡಿರಲಿಲ್ಲ. ಅಲ್ಲಿ ತಂತಿ ಇರಲಿಲ್ಲ. ಆದರೆ ಬೀವರ್‌ಟನ್‌ನಲ್ಲಿ ನಾವು ಗಾಡಿ ನಿಲ್ಲಿಸುವ ಬೀದಿಯಲ್ಲಿ ಇದೆ. ತಂತಿಯಿಂದ ಹತ್ತು ಅಡಿಯಾದರೂ ದೂರ ಇರಬೇಕು, ಅದೂ ಏಣಿ ಎತ್ತಿ ನಿಲ್ಲಿಸುವಾಗ ತುದಿ ಎಲ್ಲೆಲ್ಲಿ ಓಡಾಡುತ್ತದೋ ಅಲ್ಲಿಂದ ಅಳೆದು. ಫೈಬರ್‌ಗ್ಲಾಸ್ ಏಣಿ ತಂದರೆ ಆ ಭಯ ಕಡಿಮೆ, ಆದರೆ ಅದು ಭಾರ. ಈಗ ಬೀದಿಯಲ್ಲಿ ಏಣಿ ಬಿಚ್ಚುವುದನ್ನೇ ಬಿಟ್ಟಿದ್ದೇನೆ. ಗಾಡಿಯನ್ನು ತಂತಿಯಿಲ್ಲದ ಕಡೆ ಒಯ್ದು ಕೆಲಸ ಮಾಡುತ್ತೇನೆ.

ಏಣಿ ಮಡಚುವುದನ್ನು ನೋಡಿ ಅಣ್ಣನಿಗೆ ಆಸೆಯಾಯಿತು. "ಬರೋವಾಗ ನಂಗೂ ಒಂದು ತಗಂಡು ಬಾ."

"ನಿನ್ನ ತೋಟಕ್ಕೆ ಆಗಲ್ಲ ಅಣ್ಣ. ಇದಕ್ಕೆ ಸಮನಾದ ಗಟ್ಟಿ ನೆಲ ಬೇಕು. ಒರಗೋಕೂ ನೆಟ್ಟಗಿರೋ ಗೋಡೆ ಬೇಕು. ಮೆಣಸಿನ ಬಳ್ಳಿ ಹಬ್ಬಿರೋ ಸಿಲ್ವರ್ ಓಕ್ ಕಾಂಡಕ್ಕೆ ಒರಗಿಸಿದ್ರೆ ಗಿರ್ರಂತ ತಿರುಗತ್ತೆ. ಸಾಲದ್ದಕ್ಕೆ ಇದೂ ಅಲ್ಯೂಮಿನಿಯಮ್ಮೇ."

ಅವನು ಸ್ವಲ್ಪ ಹೊತ್ತು ಸುಮ್ನಿದ್ದ. ಬೆಲೆ ಎಷ್ಟು ಎಂದು ಕೇಳಿದ. ಹೇಳಿದೆ. ಮನಸ್ಸಿನಲ್ಲೇ ಡಾಲರನ್ನು ರೂಪಾಯಿ ಮಾಡಿದ, ಆಮೇಲೆ ರೂಪಾಯಿಯನ್ನು ಮೆಣಸು ಮಾಡಿದ.

"ಅಷ್ಟು ಮೆಣಸಾ? ಬಿದಿರೇ ಸಾಕು ಬಿಡು" ಎಂದು ಫೋನ್ ಅತ್ತಿಗೆ ಕೈಗೆ ಕೊಟ್ಟ.