ಮುಖಕ್ಕೆ ಲೇಬಲ್ ಹಾಕುವ ಕೆಲಸದಲ್ಲಿ ಕಲಿತದ್ದು

ನಾನು ಮೈಸೂರಿನಲ್ಲಿ ಡೇಟಾ ಲೇಬಲಿಂಗ್ ಮಾಡುವ ಒಂದು ತಂಡವನ್ನು ನೋಡಿಕೊಳ್ಳುತ್ತೇನೆ. ಎಐಗೆ ಕಲಿಸಲು ಬೇಕಾದ ವಿಡಿಯೊ ಕ್ಲಿಪ್‌ಗಳು ನಮ್ಮ ಹತ್ತಿರ ಬರುತ್ತವೆ. ಒಂದೊಂದನ್ನೂ ನೋಡಿ, ಅದರಲ್ಲಿರುವ ಮುಖದ ಮೇಲೆ ಖುಷಿ, ದುಃಖ, ಸಿಟ್ಟು, ಭಯ, ಅಸಹ್ಯ, ಆಶ್ಚರ್ಯ ಇವುಗಳಲ್ಲಿ ಯಾವುದಿದೆ ಅಂತ ಬಟನ್ ಒತ್ತಬೇಕು. ಮುಖ ನೋಡಿದರೆ ಗೊತ್ತಾಗಲ್ವಾ, ಇದೇನು ಮಹಾ ಕೆಲಸ ಅಂತ ಕೇಳುವವರಿದ್ದಾರೆ. ಎಷ್ಟೋ ಸಲ ಗೊತ್ತಾಗುವುದಿಲ್ಲ. ಯಾಕೆ ಅನ್ನುವುದನ್ನು ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲೇ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಒಂದು ಕ್ಲಿಪ್ ಹೀಗಿತ್ತು. ಅಡುಗೆಮನೆಯಲ್ಲಿ ಒಬ್ಬರು ಹಾಲು ಒಲೆ ಮೇಲಿಟ್ಟು ಫೋನಿನಲ್ಲಿ ಮಾತಾಡುತ್ತಿದ್ದಾರೆ. ಹಾಲು ಉಕ್ಕಿ ಹೋಯಿತು. ತಿರುಗಿ ನೋಡಿದವರೇ ನಾಲಿಗೆ ಕಚ್ಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಭುಜ ಕುಗ್ಗಿಸಿದರು. ನಮ್ಮ ತಂಡದಲ್ಲಿ ಯಾರಿಗೂ ಅನುಮಾನವೇ ಇಲ್ಲ. ಅಯ್ಯೋ, ಎಂಥ ಕೆಲಸ ಆಯ್ತು ಅನ್ನುವ ನಾಚಿಕೆ ಅದು. ಆದರೆ ನಾಚಿಕೆಗೆ ಬಟನ್ನೇ ಇಲ್ಲ! ಅದೇ ಕ್ಲಿಪ್ಪನ್ನು ಬೇರೆ ದೇಶದ ತಂಡವೂ ನೋಡಿತ್ತು. ನಾಲಿಗೆ ಹೊರಗೆ ಬಂದದ್ದು ನೋಡಿ ಅವರಲ್ಲಿ ಹೆಚ್ಚಿನವರು ಅಸಹ್ಯ ಅಂದಿದ್ದರು, ಒಬ್ಬರು ಖುಷಿ ಅಂದಿದ್ದರು. ಅವರೇನೂ ಕಣ್ಣು ಮುಚ್ಚಿಕೊಂಡು ಕೆಲಸ ಮಾಡಿದವರಲ್ಲ. ಅವರ ಕಡೆ ತಪ್ಪಾದಾಗ ನಾಲಿಗೆ ಕಚ್ಚಿಕೊಳ್ಳುವ ರೂಢಿ ಇಲ್ಲ, ಅಷ್ಟೇ. ಮನಃಶಾಸ್ತ್ರಜ್ಞರಾದ ಜೊನಾಥನ್ ಹೈಟ್ ಮತ್ತು ಡ್ಯಾಕರ್ ಕೆಲ್ಟ್ನರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೀಗೇ ಆಗಿದೆ. ನಾಲಿಗೆ ಕಚ್ಚಿದ ಮುಖದ ಫೋಟೋ ತೋರಿಸಿದರೆ ಒಡಿಶಾದವರು ನಾಚಿಕೆ ಅಂತ ಗುರುತಿಸಿದರು, ಅಮೆರಿಕದವರಿಗೆ ಅದು ತಿಳಿಯಲಿಲ್ಲ.

ಆರು ಬಟನ್‌ಗಳ ಪಟ್ಟಿಯ ಹಿಂದೆ ಅಮೆರಿಕದ ಮನಃಶಾಸ್ತ್ರಜ್ಞ ಪಾಲ್ ಎಕ್ಮನ್ ಅವರ ಕೆಲಸ ಇದೆ. 1960ರ ದಶಕದ ಕೊನೆಯಲ್ಲಿ ಅವರು ಪಪುವಾ ನ್ಯೂಗಿನಿಯ ಫೋರೆ ಜನರ ಹತ್ತಿರ ಹೋಗಿ, ಒಂದು ಸಣ್ಣ ಕಥೆ ಹೇಳಿ, ಫೋಟೋಗಳನ್ನು ಮುಂದಿಟ್ಟು, ಈ ಕಥೆಗೆ ಯಾವ ಮುಖ ಅಂತ ಕೇಳಿದರು. ಹೆಚ್ಚಿನ ಭಾವನೆಗಳಿಗೆ ಬೇರೆ ಕಡೆಯವರು ಆರಿಸುವ ಮುಖವನ್ನೇ ಅವರೂ ಆರಿಸಿದರು. ಭಯ ಮತ್ತು ಆಶ್ಚರ್ಯ ಮಾತ್ರ ಅವರಿಗೆ ಬೇರೆ ಬೇರೆಯಾಗಿ ಕಾಣಲಿಲ್ಲ. ನಮ್ಮಲ್ಲೂ ವಾದ ಜಾಸ್ತಿ ಆಗುವುದು ಇದೇ ಜೋಡಿಗೆ. ಅದೇ ದೇಶದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕಾರ್ಲೋಸ್ ಕ್ರಿವೆಲ್ಲಿ ಮತ್ತು ಅವರ ಜೊತೆಗಾರರು ನಡೆಸಿದ ಅಧ್ಯಯನ 2016ರಲ್ಲಿ ಬಂತು. ಕಣ್ಣು ಅಗಲಿಸಿ ಬಾಯಿ ತೆರೆದ ಮುಖವನ್ನು ಸ್ಪೇನಿನ ಹುಡುಗರು ಭಯ ಅಂದರೆ, ದ್ವೀಪದ ಹುಡುಗರು ಅದನ್ನೇ ಸಿಟ್ಟು, ಬೆದರಿಕೆ ಅಂದರು. ಒಂದೇ ಫೋಟೋ! ನನಗೆ ಇನ್ನೂ ಜಾಸ್ತಿ ಹಿಡಿಸಿದ್ದು ನಮೀಬಿಯಾದ ಹಿಂಬಾ ಜನರೊಂದಿಗೆ ಮರಿಯಾ ಗೆಂಡ್ರನ್ ಮತ್ತಿತರರು ಮಾಡಿದ ಕೆಲಸ, 2014ರದ್ದು. ಯಾವ ಪಟ್ಟಿಯನ್ನೂ ಕೊಡದೆ, ಫೋಟೋಗಳನ್ನು ನೀವೇ ಗುಂಪು ಮಾಡಿ ಅಂದಾಗ ಅವರು ಮುಖ ಏನು ಮಾಡುತ್ತಿದೆ ಅನ್ನುವುದನ್ನೇ ಹೆಚ್ಚಾಗಿ ಹೇಳಿದರು. ನಗುತ್ತಿದ್ದಾರೆ, ನೋಡುತ್ತಿದ್ದಾರೆ ಅಂತ. ಒಳಗೇನಿದೆ ಅಂತ ಊಹೆ ಮಾಡಲು ಹೋಗಲಿಲ್ಲ. ಲೇಬಲಿಂಗ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಇನ್ನೊಂದು ತೊಂದರೆ ಅಂದರೆ ನಮಗೆ ಎಷ್ಟೋ ಸಲ ಮುಖವನ್ನು ಮಾತ್ರ ಕತ್ತರಿಸಿ ಕೊಡುತ್ತಾರೆ. ಒಂದು ಮುಖದಲ್ಲಿ ಕಣ್ಣು ಕೆಂಪಾಗಿತ್ತು, ತುಟಿ ನಡುಗುತ್ತಿತ್ತು, ಕೆನ್ನೆ ಒದ್ದೆ. ಎಲ್ಲರೂ ದುಃಖ ಅಂತ ಒತ್ತಿದರು. ಪೂರ್ತಿ ಫ್ರೇಮ್ ತೆರೆದು ನೋಡಿದರೆ ಮದುವೆಮನೆ. ಹೆಣ್ಣು ಒಪ್ಪಿಸಿಕೊಡುವ ಹೊತ್ತು, ಆಕೆ ಹುಡುಗಿಯ ತಾಯಿ, ಪಕ್ಕದಲ್ಲಿ ಬೀಗರು ನಗುತ್ತಿದ್ದಾರೆ. ಆ ಅಳುವಿನಲ್ಲಿ ಸಂಕಟವೂ ಇದೆ, ಮಗಳು ಒಳ್ಳೆ ಮನೆ ಸೇರಿದಳು ಅನ್ನುವ ಸಮಾಧಾನವೂ ಇದೆ. ಒಂದೇ ಬಟನ್‌ನಲ್ಲಿ ಅದನ್ನು ಹೇಳುವುದು ಹೇಗೆ? ಸುತ್ತ ಇರುವವರ ಮುಖವೂ ಲೆಕ್ಕಕ್ಕೆ ಬರುತ್ತದೆ. ತಕಾಹಿಕೊ ಮಸುದಾ ಮತ್ತಿತರರ 2008ರ ಅಧ್ಯಯನದಲ್ಲಿ ನಡುವೆ ನಿಂತವನ ಭಾವನೆ ಹೇಳಿ ಅಂದರೆ, ಅಕ್ಕಪಕ್ಕದವರ ಮುಖ ನೋಡಿ ಜಪಾನಿನವರ ಉತ್ತರ ಬದಲಾಗುತ್ತಿತ್ತು. ಅಮೆರಿಕದವರಲ್ಲಿ ಹಾಗೆ ಆಗುತ್ತಿರಲಿಲ್ಲ.

ಈಗ ನಮ್ಮ ತಂಡದಲ್ಲಿ ಮೊದಲು ಕಂಡದ್ದನ್ನು ಬರೆಯುತ್ತೇವೆ. ಹುಬ್ಬು ಗಂಟಿಕ್ಕಿದೆ, ತುಟಿ ಬಿಗಿದಿದೆ, ನಾಲಿಗೆ ಕಚ್ಚಿದ್ದಾರೆ, ಹೀಗೆ. ಭಾವನೆ ಯಾವುದು ಅನ್ನುವುದು ಆಮೇಲೆ, ಬೇರೆ ಕಾಲಮ್ಮಿನಲ್ಲಿ, ಆ ಕ್ಷಣದ ಹಿಂದೆ ಮುಂದೆ ಏನು ನಡೆಯಿತು ಅಂತ ನೋಡಿದ ಮೇಲೆ. ಕ್ಲಿಪ್ ಯಾವ ಕಡೆಯದು, ಲೇಬಲ್ ಹಾಕಿದವರು ಯಾವ ಕಡೆಯವರು ಅನ್ನುವುದನ್ನೂ ಸೇರಿಸುತ್ತೇವೆ. 'ಹೇಳಲಾಗದು' ಅನ್ನುವ ಬಟನ್‌ಗಾಗಿ ಕ್ಲೈಂಟ್ ಹತ್ತಿರ ತುಂಬಾ ವಾದ ಮಾಡಬೇಕಾಯಿತು, ಆದರೆ ಸಿಕ್ಕಿತು. ಕೆಲಸ ನಿಧಾನ ಆಗುತ್ತದೆ ನಿಜ. ಆದರೆ ಅವಸರದಲ್ಲಿ ಹಾಕಿದ ಲೇಬಲ್ ನೋಡಿ ಕಲಿತ ಎಐ ನಾಳೆ ಇಂಟರ್‌ವ್ಯೂನಲ್ಲಿ ಕೂತ ಹುಡುಗನ ಮುಖ ನೋಡಿ ಇವನಿಗೆ ಆಸಕ್ತಿ ಇಲ್ಲ ಅಂದುಬಿಟ್ಟರೆ ಅವನು ಯಾರನ್ನು ಕೇಳಬೇಕು? ಕೆಲಸದ ಜಾಗದಲ್ಲಿ, ಶಾಲೆ ಕಾಲೇಜುಗಳಲ್ಲಿ ಮುಖ ನೋಡಿ ಭಾವನೆ ಅಳೆಯುವ ಎಐಯನ್ನು ಐರೋಪ್ಯ ಒಕ್ಕೂಟ 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ ಇದೆ. ನೀವೂ ಇಂಥ ಪ್ರಾಜೆಕ್ಟ್‌ನಲ್ಲಿದ್ದರೆ, ಈ ಲೇಬಲ್‌ಗಳು ಎಲ್ಲಿ ಬಳಕೆಯಾಗುತ್ತವೆ ಅಂತ ಮೊದಲ ಮೀಟಿಂಗ್‌ನಲ್ಲೇ ಕೇಳಿ.