ಹಾರ್ನ್ ನೋಡಬೇಡಿ, ಮೋಟಾರ್ ಕೇಳಿ

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಓಣಿಯಲ್ಲಿ ಒಂದು ಹಳೇ ಸಾಮಾನಿನ ಅಂಗಡಿ. ಚಾವಿ ಕೊಡುವ ಗ್ರಾಮೋಫೋನ್ ಬೇಕು ಅಂದೆ. ಅಂಗಡಿಯವರು ಸೀದಾ ಹಿತ್ತಾಳೆ ಹಾರ್ನಿನ ಮುಂದೆ ನಿಲ್ಲಿಸಿದರು. ಎಂಟು ಮೂಲೆಯ ಪೆಟ್ಟಿಗೆ, ಮುಂದೆ ನಾಯಿ ಚಿತ್ರದ ತಗಡು.

"ನೂರು ವರ್ಷದ್ದೈತ್ರಿ ಸರ್, ಒರಿಜಿನಲ್ ಎಚ್‌ಎಂವಿ ನೋಡ್ರಿ."

ಬಗ್ಗಿ ನೋಡಿದೆ. ತಗಡಿಗೆ ಹೊಡೆದಿದ್ದು ಪ್ಲಸ್ ಗುರುತಿನ ಸ್ಕ್ರೂ. ಅದು ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ! ಮರಕ್ಕೆ ಹೊಸ ಪಾಲಿಶ್ ವಾಸನೆ ಬೇರೆ. ಹಳೇ ಪೋರ್ಟಬಲ್ ಮಷಿನ್ನಿನ ಮೋಟಾರ್ ಕಿತ್ತು ಹೊಸ ಪೆಟ್ಟಿಗೆಗೆ ಕೂರಿಸಿ ಮಾರುವ ದಂಧೆ ನಮ್ಮ ದೇಶದಲ್ಲಿ ಜೋರಾಗೇ ಇದೆ. ಶೋಕೇಸಿಗೆ ಅಡ್ಡಿಯಿಲ್ಲ. ಹಾಡು ಕೇಳಬೇಕು ಅನ್ನುವವರಿಗಲ್ಲ.

ಕೆಳಗಿನ ಕಪಾಟಿನಲ್ಲಿ ಕಪ್ಪು ಸೂಟ್‌ಕೇಸಿನಂಥದ್ದೊಂದು ಬಿದ್ದಿತ್ತು. ಎಚ್‌ಎಂವಿ 102, 1931ರಲ್ಲಿ ಶುರುವಾದ ಮಾದರಿ. ಹಾರ್ನ್ ಒಳಗೇ ಇರುತ್ತದೆ, ಹಾಗಾಗಿ ಯಾರೂ ತಿರುಗಿ ನೋಡುವುದಿಲ್ಲ.

ನಿಧಾನಕ್ಕೆ ಚಾವಿ ಕೊಟ್ಟೆ. ಒಳಗೆ ಆಗಾಗ 'ಧಡ್' ಅನ್ನುತ್ತಿತ್ತು. ಗ್ರೀಸ್ ಒಣಗಿದರೆ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಆಮೇಲೆ ಒಮ್ಮೆಲೇ ಜಾರುತ್ತವೆ. ತೊಳೆದು ಗ್ರಾಫೈಟ್ ಗ್ರೀಸ್ ಹಾಕಿದರೆ ಸರಿಹೋಗುತ್ತದೆ. ಎಷ್ಟು ತಿರುವಿದರೂ ಬಿಗಿಯಾಗದಿದ್ದರೆ ಮಾತ್ರ ಸ್ಪ್ರಿಂಗ್ ತುಂಡಾಗಿದೆ ಅಂತ ಅನುಮಾನಪಡಬೇಕು.

ಅಷ್ಟರಲ್ಲಿ ಅಂಗಡಿಯವರು ಒಂದು ಎಲ್‌ಪಿ, ಅಂದರೆ ಆಮೇಲಿನ ಕಾಲದ ನಿಧಾನ ತಿರುಗುವ ತಟ್ಟೆ, ತಂದರು. "ಬ್ಯಾಡ್ರಿ!" ಅಂದೆ. ಇದರ ಮುಳ್ಳಿನ ಮೇಲೆ ನೂರು ಗ್ರಾಮಿಗೂ ಜಾಸ್ತಿ ಭಾರ ಬೀಳುತ್ತದೆ, ಎಲ್‌ಪಿ ಒಂದೇ ಸಲಕ್ಕೆ ಹಾಳು. ಮನೆಯಿಂದ 78ರ ತಟ್ಟೆ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ತಟ್ಟೆ, ತಂದಿದ್ದೆ, ಮೊದಲೇ ಗೀರು ಬಿದ್ದದ್ದು. ನಮ್ಮೂರಿನ ಗಂಗೂಬಾಯಿ ಹಾನಗಲ್ ಅವರ ಆರಂಭದ ತಟ್ಟೆಗಳು 'ಗಾಂಧಾರಿ' ಅನ್ನುವ ಹೆಸರಲ್ಲಿ ಬಂದಿದ್ದವು. ಅಂಥದ್ದೇನಾದರೂ ಕೈಗೆ ಸಿಕ್ಕರೆ ಗುರುತಿಲ್ಲದ ಮಷಿನ್ನಿಗೆ ಕೊಡುತ್ತೇನಾ?

ತಟ್ಟೆಯ ಅಂಚಿನಡಿ ಬಿಳಿ ಕಾಗದದ ಚೂರು ಸಿಕ್ಕಿಸಿ, ಮುಳ್ಳು ಇಟ್ಟು, ಸುತ್ತು ಎಣಿಸಿದೆ. ಅಂಗಡಿ ಹುಡುಗ ಮೊಬೈಲ್ ಹಿಡಿದು ನಿಂತಿದ್ದ. "ನಿಮಿಷ ಆತ್ರಿ ಕಾಕಾ!" ಎಪ್ಪತ್ತೆಂಟು ಬರಬೇಕಿತ್ತು, ಎಪ್ಪತ್ತನಾಲ್ಕು ಬಂತು. ವೇಗದ ಕಡ್ಡಿ ಚೂರು ಸರಿಸಿದೆ, ಸರಿಯಾಯಿತು. ಪೂರ್ತಿ ಚಾವಿ ಕೊಟ್ಟರೆ ಒಂದು ಮಗ್ಗುಲು, ಅಂದರೆ ಸುಮಾರು ಮೂರು ನಿಮಿಷ, ಎಳೆಯದೆ ಓಡಬೇಕು. ಓಡಿತು.

ಆದರೆ ಮೇಲಿನ ಸ್ವರ ಬಂದಾಗಲೆಲ್ಲ ಜಿರ್ ಜಿರ್. ಸೌಂಡ್‌ಬಾಕ್ಸ್, ಅಂದರೆ ಮುಳ್ಳಿನ ನಡುಕವನ್ನು ಸದ್ದು ಮಾಡುವ ದುಂಡನೆ ಡಬ್ಬಿ, ಬಿಚ್ಚಿ ರಬ್ಬರ್ ಬಳೆಯನ್ನು ಉಗುರಿನಿಂದ ಒತ್ತಿದೆ. ಕಲ್ಲಾಗಿತ್ತು. ಒಳಗಿನ ಅಲ್ಯೂಮಿನಿಯಂ ಹಾಳೆ ಹರಿದಿರಲಿಲ್ಲ, ಹಿಂದಿನ ಎರಕದ ಭಾಗದಲ್ಲೂ ಬಿರುಕಿಲ್ಲ. ರಬ್ಬರ್ ಬದಲಿಸಬಹುದು, ಎರಕ ಬಿರಿದಿದ್ದರೆ ಅಲ್ಲಿಂದಲೇ ಎದ್ದು ಬರುತ್ತಿದ್ದೆ.

ಗ್ರೀಸು, ರಬ್ಬರು ಅಂತ ಲೆಕ್ಕ ಹೇಳಿ ಚೌಕಾಸಿ ಮಾಡಿದೆ. ರೇಟು ಸ್ವಲ್ಪವೇ ಇಳಿಯಿತು. "ಇದೂ ಇಟ್ಕೊಳ್ರಿ" ಅಂತ ಮುಳ್ಳಿನ ಡಬ್ಬಿ ಮೇಲೆ ಕೊಟ್ಟರು. ಅರ್ಧಕ್ಕರ್ಧ ತುಕ್ಕು. ಉಕ್ಕಿನ ಮುಳ್ಳು ಮಗ್ಗುಲಿಗೊಂದು ಬೇಕು, ಅದಕ್ಕೇ ಚೂಪಾಗಿದ್ದವನ್ನು ಅಲ್ಲೇ ಆರಿಸಿಕೊಂಡೆ. ಸ್ಪ್ರಿಂಗ್ ಬಿಗಿಯಾಗಿದ್ದಾಗ ಮಷಿನ್ ಸಾಗಿಸಬಾರದು. ಪೂರ್ತಿ ಸಡಿಲವಾಗುವ ತನಕ ಓಡಿಸಿ, ಹ್ಯಾಂಡಲ್ ಬಿಚ್ಚಿ, ಆಟೋ ಕರೆದೆ.